ಕೊನೆಮನೆಗೆ ನೀರು

ತೂಬಿನಪಾಳ್ಯದ ಪುರಸಭೆಯಲ್ಲಿ ಇಪ್ಪತ್ತೇಳು ವರ್ಷ ನೀರು ಬಿಟ್ಟ ಹನುಮಯ್ಯನಿಗೆ ಡಿಸೆಂಬರ್ ತಿಂಗಳ ಸಾಮಾನ್ಯ ಸಭೆಯಲ್ಲಿ ಸನ್ಮಾನ ಮಾಡುವುದೆಂದು ನಿಶ್ಚಯವಾಯಿತು. ಸುದ್ದಿ ಹೇಳಿದಾಗ ಅವನು ಹಿಗ್ಗಲೂ ಇಲ್ಲ, ಬೇಡವೆನ್ನಲೂ ಇಲ್ಲ.

"ಎಷ್ಟು ಜನರನ್ನ ಕರೀಬಹುದು ಸ್ವಾಮಿ?" ಎಂದು ಕೇಳಿದ.

ಗುಮಾಸ್ತ ದುಂಡಪ್ಪ ಕನ್ನಡಕವನ್ನು ಹಣೆಗೇರಿಸಿ ಅವನನ್ನು ನೋಡಿದ. ವಿಜಾಪುರದ ಕಡೆಯವನು, ವರ್ಗವಾಗಿ ಬಂದು ಎರಡು ವರ್ಷವಾಗಿತ್ತು. ಕೆಂಗೇರಿಯಲ್ಲಿ ಮನೆ ಮಾಡಿದ್ದ. ಊಟಕ್ಕೆ ರೊಟ್ಟಿಯನ್ನೂ ಮಾತಿಗೆ ತನ್ನೂರನ್ನೂ ಇನ್ನೂ ಬಿಟ್ಟಿರಲಿಲ್ಲ.

"ಐದು ಮಂದಿ. ಶಾಲು ಒಂದ, ಪೇಟಾ ಒಂದ, ನಿಮ್ಮ ಕಡಿಯವರಿಗೆ ಕುರ್ಚಿ ಐದು. ಹೆಸರು ಹೇಳ್ರಿ, ಕಾರ್ಡು ಕಳಸ್ತೀನಿ."

ಹೆಂಡತಿ ಹೊನ್ನಗಂಗಮ್ಮ, ತಮ್ಮ ರಾಮಯ್ಯ, ಮಗಳು, ಅಳಿಯ. ನಾಲ್ಕಾಯಿತು. ಐದನೆಯದಕ್ಕೆ ಹನುಮಯ್ಯ ತಡೆದ.

"ಕೊನೆಮನೆಯವರು," ಎಂದ.

"ಹೆಸರು?"

"ಅದೇ ಸ್ವಾಮಿ. ನಾಲ್ಕನೇ ಅಡ್ಡರಸ್ತೆ ಕೊನೆಮನೆಯವರು."

"ಮಾರಾಯಾ, ಕಾರ್ಡಿನ ಮ್ಯಾಲ ಕೊನೆಮನಿ ಅಂತ ಬರದ್ರ ಪೋಸ್ಟ್‌ಮನ್ ಬಂದು ನನ್ನ ಬೈತಾನ. ಗಂಡಸರೋ ಹೆಣ್ಮಕ್ಕಳೋ, ಅದನ್ನರ ಹೇಳ್ರಿ."

ಹನುಮಯ್ಯ ಹೆಗಲ ಮೇಲಿನ ಟವೆಲನ್ನು ತೆಗೆದು ಮಡಿಸಿದ, ಮತ್ತೆ ಬಿಚ್ಚಿದ. "ಹೆಂಗಸರು. ಈಗ ಅಲ್ಲಿಲ್ಲ. ಮನೆ ಮಾರಿ ಮಹಾಲಕ್ಷ್ಮಿ ಲೇಔಟ್‌ಗೆ ಹೋದ್ರು, ತಂಗಿ ಮನೆ ಪಕ್ಕಕ್ಕೆ. ಮೂಲೆ ಇಸ್ತ್ರಿ ಅಂಗಡಿಯವನ ಹತ್ರ ಅಡ್ರೆಸ್ ಇದೆಯಂತೆ."

"ಇಷ್ಟು ವರ್ಷ ನೀರು ಬಿಟ್ಟೀರಿ, ಹೆಸರು ಕೇಳಿಲ್ಲೇನು?"

"ಕೇಳೋ ಪ್ರಸಂಗ ಬರಲಿಲ್ಲ."

ದುಂಡಪ್ಪ ನಕ್ಕ. "ಇರ್ಲಿ ಬಿಡ್ರಿ, ನಾ ನೋಡ್ಕೋತೀನಿ. ನಳದ ರಿಜಿಸ್ಟರಿನಾಗ ಹೆಸರು ಇದ್ದೇ ಇರ್ತೈತಿ."

ಪ್ರಸಂಗ ಬರಲಿಲ್ಲವೆಂದದ್ದು ನಿಜವೇ. ಹನುಮಯ್ಯನ ಅಪ್ಪ ಊರ ಕೆರೆಯ ನೀರುಗಂಟಿ. ತೂಬು ಎತ್ತಿ, ಕೆರೆಯ ಕೆಳಗಿನ ಗದ್ದೆಗಳಿಗೆ ಸರದಿಯಂತೆ ನೀರು ಹಾಯಿಸುವುದು ಅವರ ಮನೆತನಕ್ಕೆ ಬಂದ ಕೆಲಸ. ಆ ಕೆಲಸಕ್ಕೊಂದು ಕಟ್ಟುಪಾಡಿತ್ತು. ತೂಬು ಎತ್ತಿದ ಗಳಿಗೆಯಿಂದ ಸರದಿಯ ಹೊತ್ತನ್ನು ಎಣಿಸುವಂತಿರಲಿಲ್ಲ. ನೀರು ಕಾಲುವೆ ಹಿಡಿದು, ಏಡಿಬಿಲಗಳಿಗೆ ಇಳಿದು, ಒಣಗಿದ ಮಣ್ಣು ಕುಡಿದಷ್ಟನ್ನು ಕುಡಿಸಿ, ಕಟ್ಟಕಡೆಯ ಗದ್ದೆಯನ್ನು ಮುಟ್ಟಬೇಕು. ಆ ಗದ್ದೆಯವನು ಬದುವಿನ ಮೇಲೆ ನಿಂತು "ಬಂತು" ಎಂದು ಕೂಗಬೇಕು. ಎಣಿಕೆ ಅಲ್ಲಿಂದ. ಕೂಗು ಕೇಳದಿದ್ದರೆ ಅಪ್ಪ ಮಗನನ್ನೇ ಅಟ್ಟುತ್ತಿದ್ದ: "ಹೋಗೋ, ಕೊನೇಲಿ ನಿಂತಿರೋನಿಗೆ ಕಾಣ್ತೋ ಇಲ್ವೋ ಕೇಳ್ಕೊಂಡು ಬಾ." ಹನುಮಯ್ಯ ಬದುವಿನ ಮೇಲೆ ಓಡಿಹೋಗಿ "ಬಂತಾ?" ಎಂದು ಕೇಳಿಕೊಂಡು ಓಡಿಬರುತ್ತಿದ್ದ.

ಗದ್ದೆಗಳು ಸೈಟುಗಳಾದವು. ಕೆರೆ ಉಳಿಯಿತು, ತೂಬಿನ ಕಲ್ಲುಗಳೂ ಉಳಿದವು, ಹಾಯಿಸಲು ನೆಲ ಉಳಿಯಲಿಲ್ಲ. ಪುರಸಭೆ ನೀರಿನ ಟ್ಯಾಂಕು ಕಟ್ಟಿಸಿದಾಗ ನೀರುಗಂಟಿಯ ಮಗ ತಾನೇ ಎಂದು ಹನುಮಯ್ಯನನ್ನು ಕೆಲಸಕ್ಕೆ ತೆಗೆದುಕೊಂಡರು. ಅವನ ಎದೆಯೆತ್ತರದ ಕಬ್ಬಿಣದ ಕೀಲಿಯೊಂದನ್ನು ಕೊಟ್ಟರು. ರಸ್ತೆಯ ಗುಂಡಿಯೊಳಗೆ ಅದನ್ನು ಇಳಿಸಿ ತಿರುಗಿಸಿದರೆ ವಾಲ್ವ್ ತೆರೆಯುತ್ತಿತ್ತು. ದಿನ ಬಿಟ್ಟು ದಿನ, ಬೀದಿಗೆ ಒಂದು ಗಂಟೆ ನೀರು. ವಾಲ್ವ್ ತಿರುಗಿಸಿದ ಕೂಡಲೇ ಗಡಿಯಾರ ನೋಡಿಕೊಂಡು ಸೈಕಲ್ ಹತ್ತಿ ಮುಂದಿನ ಬೀದಿಗೆ ಹೋಗುವುದು ಉಳಿದ ವಾಲ್ವ್‌ಮನ್‌ಗಳ ಪದ್ಧತಿ. ಹನುಮಯ್ಯ ಹಾಗೆ ಮಾಡಲಿಲ್ಲ. ಬೀದಿಯ ಉದ್ದಕ್ಕೂ ನಡೆದುಹೋಗಿ, ಕೊನೆಮನೆಯ ಮುಂದೆ ನಿಂತು, "ಬಂತಾ?" ಎಂದು ಕೇಳಿ, "ಬಂತು" ಎಂದ ಮೇಲೆಯೇ ಗಂಟೆ ಎಣಿಸುತ್ತಿದ್ದ. ಅವನ ಸರದಿ ಯಾವಾಗಲೂ ಇಪ್ಪತ್ತು ನಿಮಿಷ ತಡವಾಗಿ ಮುಗಿಯುತ್ತದೆಂದು ಎಂಜಿನಿಯರು ಎಷ್ಟೋ ಸಲ ಗೊಣಗಿದ್ದರು.

ನಾಲ್ಕನೇ ಅಡ್ಡರಸ್ತೆ ಏರುಬೀದಿ. ಅದರ ತುದಿಯ ಹೆಂಚಿನ ಮನೆಯಲ್ಲಿ ಎಂಬತ್ತಮೂರರಲ್ಲಿ ಗಂಡ ಹೆಂಡತಿ ಸಂಸಾರ ಹೂಡಿದರು. ಗಂಡನಿಗೆ ರಾಜಾಜಿನಗರದ ಕಾರ್ಖಾನೆಯೊಂದರಲ್ಲಿ ಕೆಲಸ. ನೀರು ಬರುವ ಬೆಳಗಿನ ಐದೂವರೆ ಹೊತ್ತಿಗೆ ಅವನು ಬಸ್ಸು ಹಿಡಿಯಲು ಹೊರಟುಬಿಟ್ಟಿರುತ್ತಿದ್ದ. ನಲ್ಲಿಯ ಹತ್ತಿರ ಇರುತ್ತಿದ್ದವಳು ಆಕೆ. ಕಾಂಪೌಂಡಿನ ಗೋಡೆ ಎದೆಯ ಮಟ್ಟಕ್ಕಿತ್ತು. ಆಕೆ ಬಿಂದಿಗೆ ಹಿಡಿದು ಬಗ್ಗಿರುತ್ತಿದ್ದುದರಿಂದ ಹನುಮಯ್ಯನಿಗೆ ಕಾಣುತ್ತಿದ್ದುದು ಅಷ್ಟಿಷ್ಟು: ಮಬ್ಬಿನಲ್ಲಿ ಒಂದು ತುರುಬು, ಸೆರಗಿನ ಅಂಚು, ಕೆಲವೊಮ್ಮೆ ಬಳೆಯ ಕೈ.

"ಬಂತಾ?"

"ಬಂತು."

ಇಪ್ಪತ್ತೊಂದು ವರ್ಷ ಅವರಿಬ್ಬರ ನಡುವೆ ಆಡಿದ್ದು ಅದೊಂದೇ ಮಾತು. ಆದರೆ ಒಂದೇ ಮಾತನ್ನು ಅಷ್ಟು ವರ್ಷ ಕೇಳಿದವನಿಗೆ ಅದು ಒಂದೇ ಮಾತಾಗಿ ಉಳಿದಿರಲಿಲ್ಲ. ನೆಗಡಿಯಾದ "ಬಂತು" ಬೇರೆ, ನಿದ್ದೆಗಣ್ಣಿನ "ಬಂತು" ಬೇರೆ. ಹಬ್ಬದ ದಿನ ಅದು ತುಸು ಮೇಲಕ್ಕೆ ಏಳುತ್ತಿತ್ತು. ಬೇಸಗೆಯಲ್ಲಿ ನಲ್ಲಿ ಬರೀ ಗಾಳಿ ಊದಿ ಊದಿ ಕಡೆಗೊಮ್ಮೆ ನೀರು ಉಗುಳಿದಾಗ ಆ ದನಿಯಲ್ಲಿ ನಗುವೂ ಸೇರಿಕೊಂಡಿರುತ್ತಿತ್ತು. ಬೀದಿ ಇಳಿಯುತ್ತ ಹನುಮಯ್ಯ ಅದನ್ನು ಮನಸ್ಸಿನಲ್ಲಿ ತಿರುಗಿಸಿ ನೋಡುತ್ತಿದ್ದ. ಇದರಲ್ಲಿ ತಪ್ಪೇನಾದರೂ ಇದೆಯೇ ಎಂದು ಒಂದೆರಡು ಸಲ ತನ್ನನ್ನೇ ಕೇಳಿಕೊಂಡಿದ್ದ. ಕೇಳುವುದಂತೂ ಕೆಲಸದ ಭಾಗವಾಗಿತ್ತು.

ತೊಂಬತ್ತೊಂದರಲ್ಲಿ ಆಕೆಯ ಗಂಡ ತೀರಿಕೊಂಡ. ಹನುಮಯ್ಯ ಅಂದು ಸರದಿಯಿಲ್ಲದಿದ್ದರೂ ನಾಲ್ಕನೇ ಅಡ್ಡರಸ್ತೆಗೆ ನೀರು ಬಿಟ್ಟ. ಸಾವಿನ ಮನೆಗೆ ನೀರು ಬೇಕಾಗುತ್ತದೆ. ಕೊನೆಮನೆಯ ಮುಂದೆ ಜನ ಸೇರಿದ್ದರು. ಕೇಳುವುದು ಹೇಗೆಂದು ತಿಳಿಯದೆ ಅವನು ಕೀಲಿ ಹಿಡಿದುಕೊಂಡು ಗೇಟಿನಾಚೆ ನಿಂತ. ಬಾಗಿಲ ಬಳಿ ಗೋಡೆಗೊರಗಿ ಕುಳಿತಿದ್ದ ಆಕೆ ತಲೆಯೆತ್ತಿ ಒಮ್ಮೆ ನೋಡಿ, ಅವನು ಕೇಳದೆಯೇ, "ಬಂತು" ಎಂದಳು.

ಆ "ಬಂತು" ಅವನ ಎದೆಯಿಂದ ಇಳಿದಿರಲಿಲ್ಲ.

ಎರಡು ವರ್ಷದ ಕೆಳಗೆ, ಯುಗಾದಿ ಕಳೆದ ಮೇಲೆ ಒಂದು ಬೆಳಿಗ್ಗೆ, ಅವನು "ಬಂತಾ?" ಎಂದಾಗ ಗಂಡುದನಿಯೊಂದು "ಯಾರು ಬೇಕಿತ್ತಣ್ಣ?" ಎಂದಿತು. ಮನೆ ಕೆಡವಲು ಬಂದ ಮೇಸ್ತ್ರಿ. ಈಗ ಅಲ್ಲಿ ಮೂರಂತಸ್ತಿನ ಕಟ್ಟಡವಿದೆ, ನೆಲದಡಿಯಲ್ಲಿ ಸಂಪು ಇದೆ. ನೀರು ತಾನಾಗಿ ಬಂದು ಅದರೊಳಗೆ ಬೀಳುತ್ತದೆ. ಮೇಲಿನ ಮನೆಗಳವರಿಗೆ ಅದು ಯಾವ ಹೊತ್ತಿಗೆ ಬರುತ್ತದೆಂಬುದೇ ಗೊತ್ತಿಲ್ಲ. ಆದರೂ ಹನುಮಯ್ಯ ಏರು ಹತ್ತಿ ಹೋಗುತ್ತಿದ್ದ. ಸಂಪಿನ ಮುಚ್ಚಳಕ್ಕೆ ಕಿವಿಗೊಟ್ಟು ಸದ್ದು ಕೇಳಿಸಿಕೊಂಡು ಇಳಿದು ಬರುತ್ತಿದ್ದ.

ಜನವರಿಯಿಂದ ಈ ಪುರಸಭೆಯೇ ಇರುವುದಿಲ್ಲ, ಬೆಂಗಳೂರಿಗೆ ಸೇರಿಹೋಗುತ್ತದೆ ಎಂದು ಎಲ್ಲರೂ ಮಾತಾಡುತ್ತಿದ್ದರು. ಈ ತಿಂಗಳ ಕೊನೆಗೆ ಹನುಮಯ್ಯನ ಕೆಲಸವೂ ಮುಗಿಯುತ್ತಿತ್ತು. ಸನ್ಮಾನದ ಸುದ್ದಿ ಕೇಳಿದಾಗ ಅವನ ಮನಸ್ಸಿಗೆ ಬಂದದ್ದು ಶಾಲಲ್ಲ. ಆಕೆ ಬಂದು ಅಲ್ಲಿ ಕುಳಿತಿರಬೇಕು, ಹೊರಡುವಾಗ ಏನಾದರೊಂದು ಮಾತಾಡಬೇಕು, ಅಷ್ಟೇ. ಆ ದನಿ ಇನ್ನೊಂದು ಸಲ ಕಿವಿಗೆ ಬಿದ್ದರೆ ಕೀಲಿ ಒಪ್ಪಿಸಿ ಮನೆಗೆ ಹೋಗಬಹುದು.

ಸಭೆಗೆ ಮೂರು ದಿನವಿದ್ದಾಗ ದುಂಡಪ್ಪನೇ ಕರೆದು ಹೇಳಿದ: "ನಿಮ್ಮ ಕೊನೆಮನಿ ಕಾರ್ಡು ಹೋತು ನೋಡ್ರಿ. ರಿಜಿಸ್ಟರಿನಾಗ ಹೆಸರು ಸಿಕ್ತು. ಲಕ್ಷ್ಮೀಪತಿ."

ಹನುಮಯ್ಯನ ಮುಖ ಬಿದ್ದುಹೋಯಿತು. "ಅದು ಅವರ ಯಜಮಾನರ ಹೆಸರು ಸ್ವಾಮಿ. ಅವರು ಹೋಗಿ ಹದಿನೈದು ವರ್ಷ ಆಯ್ತು."

"ಅಯ್ಯೋ ಶಿವನೇ. ಸತ್ತವರ ಹೆಸರು ತಗಸಬೇಕಿಲ್ಲೇನ್ರಿ ಅವರು?" ದುಂಡಪ್ಪನೂ ಪೆಚ್ಚಾದ. "ನಳ ಅವರ ಹೆಸರಿಗೇ ಐತಿ. ನಾ ಏನ್ ಮಾಡ್ಲಿ, ಶ್ರೀ ಲಕ್ಷ್ಮೀಪತಿ ಮತ್ತು ಕುಟುಂಬದವರು ಅಂತ ಬರದು ಹಾಕೀನಿ."

ಸತ್ತ ಗಂಡನ ಹೆಸರಿನ ಕಾರ್ಡು ಆಕೆಯ ಕೈ ಸೇರುವ ಗಳಿಗೆಯನ್ನು ನೆನೆದು ಹನುಮಯ್ಯನಿಗೆ ಅನ್ನ ಸೇರಲಿಲ್ಲ. ಹೋಗಿ ತಪ್ಪಾಯಿತೆಂದು ಹೇಳಿಬರೋಣವೆಂದರೆ, ಇಪ್ಪತ್ತೊಂದು ವರ್ಷ ದಾಟದ ಗೇಟನ್ನು ಈಗ ಬೇರೊಂದು ಬಡಾವಣೆಯಲ್ಲಿ ಹೋಗಿ ದಾಟುವುದು ಹೇಗೆ? ಬಾಗಿಲು ತಟ್ಟಿ ಯಾರೆಂದು ಹೇಳಿಕೊಳ್ಳುವುದು?

ಹೊನ್ನಗಂಗಮ್ಮ ಅವನ ಮುಂದಿನ ತಟ್ಟೆ ನೋಡಿದಳು. ಮುದ್ದೆ ಮುರಿದಿದ್ದ, ತಿಂದಿರಲಿಲ್ಲ.

"ಆ ಕೊನೆಮನೆಯಮ್ಮ ಬರಾಕಿಲ್ವಂತಾ?" ಎಂದಳು.

ಹನುಮಯ್ಯ ತಲೆಯೆತ್ತಿದ. "ನಿಂಗ್ಯಾರು ಹೇಳಿದ್ದು?"

"ಯಾರು ಹೇಳ್ಬೇಕು? ನೀನು ನೀರು ಬಿಟ್ಟು ಬಂದಾಗ ಮೊಕ ನೋಡಿದ್ರೆ ಸಾಕಾಗಿತ್ತು ನಂಗೆ, ನಾಕ್ನೇ ಅಡ್ಡರಸ್ತೆ ಕೊನೆ ಮುಟ್ತೋ ಇಲ್ವೋ ಅಂತ." ಅವಳು ಇನ್ನೊಂದು ಸೌಟು ಸಾರು ಬಡಿಸಿದಳು. "ಉಣ್ಣು. ಬರೋರು ಬತ್ತಾರೆ. ಉಪಾಸ ಇದ್ರೆ ಬಸ್ಸೇನೂ ಬೇಗ ಬರಾಕಿಲ್ಲ."

ಅವಳ ದನಿಯಲ್ಲಿ ಕೊಂಕಿತ್ತೋ ಇಲ್ಲವೋ ಹನುಮಯ್ಯನಿಗೆ ತಿಳಿಯಲಿಲ್ಲ. ಮುರಿದಿಟ್ಟ ಮುದ್ದೆಯನ್ನು ಸಾರಿಗದ್ದಿ ಉಂಡ.

ಸಭೆ ಹನ್ನೊಂದಕ್ಕೆಂದಿದ್ದುದು ಹನ್ನೆರಡಕ್ಕೆ ಶುರುವಾಯಿತು. ಸದಸ್ಯರು ಒಳಗೆ ಕುದುರೆಲಾಳದ ಆಕಾರದಲ್ಲಿ ಕೂತಿದ್ದರು. ಸನ್ಮಾನಿತರ ಕಡೆಯವರಿಗೆ ಕಿಟಕಿಯ ಪಕ್ಕ ಸಾಲು ಕುರ್ಚಿ ಹಾಕಿದ್ದರು. ಹನುಮಯ್ಯನ ಐದರಲ್ಲಿ ನಾಲ್ಕು ತುಂಬಿದ್ದವು. ಐದನೆಯದರ ಮೇಲೆ ಯಾರೋ ಹೆಲ್ಮೆಟ್ ಇಟ್ಟರು. ಹೊನ್ನಗಂಗಮ್ಮ ಅದನ್ನೆತ್ತಿ ನೆಲಕ್ಕಿಟ್ಟಳು.

ಮೊದಲು ಹೋದ ತಿಂಗಳ ನಡವಳಿಯನ್ನು ಓದಿದರು. ಆಮೇಲೆ ಬೀದಿನಾಯಿಗಳ ವಿಷಯ ಬಂತು. ಮಹಾನಗರಕ್ಕೆ ಸೇರಿದ ಮೇಲೆ ನಾಯಿಗಳೂ ಅವರಿಗೇ ಸೇರುತ್ತವೆ, ನಾವ್ಯಾಕೆ ತಲೆ ಕೆಡಿಸಿಕೊಳ್ಳಬೇಕು ಎಂದು ಒಬ್ಬ ಸದಸ್ಯರೆಂದರು. "ನಿಮ್ಮನ್ನೂ ಅವರಿಗೇ ಸೇರಿಸ್ತೀವಿ ಬಿಡಿ ಸಾರ್, ಮುಂದಿನ ಎಲೆಕ್ಷನ್‌ಗೆ ಕಚ್ಚೋಕೆ ಯಾರೂ ಇರಲ್ಲ," ಎಂದು ಇನ್ನೊಬ್ಬರೆಂದರು. ನಗು ಎದ್ದು ಇಳಿಯಿತು. ಇದು ಕೊನೆಯ ಸಭೆಯೋ, ಇನ್ನೊಂದಿದೆಯೋ ಎಂಬುದು ಅಧ್ಯಕ್ಷೆಗೂ ಖಚಿತವಾಗಿ ಗೊತ್ತಿರಲಿಲ್ಲ. ಬೀದಿದೀಪದ ವಿಷಯದಲ್ಲಿ ಮಾತು ಬೆಳೆಯಿತು. ಹನುಮಯ್ಯ ಬಾಗಿಲನ್ನೇ ನೋಡುತ್ತಿದ್ದ. ಬಾಗಿಲಿನಲ್ಲಿ ನೆರಳಾಡಿದಾಗಲೆಲ್ಲ ಅವನ ಬೆನ್ನು ನೆಟ್ಟಗಾಗುತ್ತಿತ್ತು. ಬಂದವರು ಕಾಫಿಯವರು, ಫೋಟೋದವರು, ಮತ್ತೆ ಕಾಫಿಯವರು.

ಸನ್ಮಾನ ಮೊದಲು ದುಂಡಪ್ಪನ ಸೀಮೆಯಿಂದಲೇ ಬಂದಿದ್ದ ಪೌರಕಾರ್ಮಿಕೆ ಗುರವ್ವನಿಗೆ. ಪೇಟ ತರುವಷ್ಟರಲ್ಲಿ ಆಕೆ ಕೈ ಅಡ್ಡ ಹಿಡಿದಳು: "ನನಗ ಪೇಟಾ ಬ್ಯಾಡ್ರಿ ಅಮ್ಮಾರೇ. ಬುಟ್ಟಿ ಹೊತ್ತು ಹೊತ್ತು ತಲಿ ಚಪ್ಪಟ ಆಗೈತಿ, ನಿಲ್ಲಂಗಿಲ್ಲ ಅದು." ಅಧ್ಯಕ್ಷೆಯೂ ನಕ್ಕು ಶಾಲನ್ನಷ್ಟೇ ಹೊದಿಸಿದರು.

ಹನುಮಯ್ಯನ ತಲೆಗೆ ಪೇಟ ಬಂತು. ಜರಿಯ ಅಂಚು ಹುಬ್ಬಿನ ತನಕ ಇಳಿಯಿತು. ಹೆಗಲಿಗೆ ಶಾಲು, ಕೊರಳಿಗೆ ಏಲಕ್ಕಿಯ ಹಾರ, ಕೈಯಲ್ಲಿ ಹಣ್ಣಿನ ಬುಟ್ಟಿ. ಅವನ ಸೇವೆಯನ್ನು ಮೆಚ್ಚಿ ಸಭೆ ನಿರ್ಣಯ ಅಂಗೀಕರಿಸಿತು. ದುಂಡಪ್ಪ ನಡವಳಿ ಪುಸ್ತಕದಲ್ಲಿ ಬರೆದುಕೊಂಡ. "ಎರಡು ಮಾತಾಡಿ ಹನುಮಯ್ಯನವರೇ," ಎಂದರು ಅಧ್ಯಕ್ಷೆ.

ಮೈಕು ಅವನ ಬಾಯಿಗಿಂತ ಮೇಲಿತ್ತು. ಬಗ್ಗಿಸಿಕೊಳ್ಳಬಹುದೆಂದು ಅವನಿಗೆ ತೋಚಲಿಲ್ಲ.

"ನಾನು ಮಾತಾಡೋನಲ್ಲ. ಕೇಳೋನು," ಎಂದ. "ನಮ್ಮಪ್ಪ ಕಲಿಸಿದ್ದು ಅದೊಂದೇ. ಕೊನೆಯವರಿಗೆ ಬಂತಾ ಅಂತ ಕೇಳು ಅಂತ. ಅವರು ಬಂತು ಅಂದ್ರೆ ಊರಿಗೆಲ್ಲ ಬಂದ ಹಾಗೆ. ಅದಕ್ಕೆ ಇಪ್ಪತ್ತು ನಿಮಿಷ ಲೇಟಾಗ್ತಿತ್ತು, ಎಂಜಿನಿಯರ್ ಸಾಹೇಬರು ಮನಸ್ಸಿಗೆ ಹಾಕ್ಕೋಬಾರದು." ಸಭೆ ನಕ್ಕಿತು. ಅವನು ಕಿಟಕಿಯ ಪಕ್ಕದ ಸಾಲನ್ನು ನೋಡಿದ. ಐದನೆಯ ಕುರ್ಚಿಯ ಮೇಲೆ ಬಿಸಿಲು ಬಿದ್ದಿತ್ತು. "ಅಷ್ಟೇ," ಎಂದು ಕೈಮುಗಿದ.

ಊಟದ ಹೊತ್ತಿಗೆ ಬೋಂಡ, ಕೇಸರಿಭಾತು ಕೊಟ್ಟರು. ಮಗಳು ಅಳಿಯ ಬೇಗ ಹೊರಟರು. ರಾಮಯ್ಯ ಅಣ್ಣನ ಹಣ್ಣಿನ ಬುಟ್ಟಿಯನ್ನು ಸ್ಕೂಟರಿಗೆ ಕಟ್ಟುತ್ತಿದ್ದ. ಹೊನ್ನಗಂಗಮ್ಮ ಹೊರಗೆ ಹೊಂಗೆಮರದ ಕೆಳಗೆ ಗುರವ್ವನ ಜೊತೆ ಮಾತಿಗೆ ನಿಂತಿದ್ದಳು. ಪೇಟ ತೆಗೆದಿಡಲು ಜಾಗ ಕಾಣದೆ ಹನುಮಯ್ಯ ಅದನ್ನು ತಲೆಯಲ್ಲೇ ಇಟ್ಟುಕೊಂಡು ನಡುಮನೆಯಂಥ ಆ ಕಚೇರಿಯ ಕಂಬಕ್ಕೊರಗಿದ್ದ. ಇನ್ನು ಯಾರೂ ಬರುವುದಿಲ್ಲ. ಕಾರ್ಡು ನೋಡಿ ಆಕೆ ನೊಂದುಕೊಂಡಿರಬೇಕು. ಇಷ್ಟು ವರ್ಷ ಬರೀ ನೀರು ಮುಟ್ಟಿಸಿದವನು ಕೊನೆಗೆ ಇದನ್ನು ಮುಟ್ಟಿಸಿದೆನಲ್ಲ ಎಂದುಕೊಂಡ.

ಆಗ ಬೆನ್ನ ಹಿಂದೆ, ದುಂಡಪ್ಪನ ಮೇಜಿನ ಕಡೆಯಿಂದ, ಹೆಣ್ಣುದನಿಯೊಂದು ಕೇಳಿತು.

"ಸಾರ್, ಈ ಕಾರ್ಡು ನಮ್ಮ ಮನೆಯವರ ಹೆಸರಿಗೆ ಬಂದಿದೆ. ಅವರಿಲ್ಲ. ಹೆಸರು ಬದಲಾಯಿಸೋದು ನಾನೇ ಮರ್ತುಬಿಟ್ಟಿದ್ದೆ, ಆಮೇಲೆ ಮನೇನೇ ಮಾರಿದೆ. ಪುಸ್ತಕದಿಂದ ತೆಗೆದುಬಿಡಿ ಅಂತ ಹೇಳಿ ಹೋಗೋಣ ಅಂತ ಬಂದೆ."

ಇಷ್ಟು ಉದ್ದದ ಮಾತನ್ನು ಆ ದನಿಯಲ್ಲಿ ಹನುಮಯ್ಯ ಎಂದೂ ಕೇಳಿರಲಿಲ್ಲ. ಆದರೂ ಮೊದಲ ಪದಕ್ಕೇ ತಿಳಿಯಿತು. ಅವನು ತಿರುಗಲಿಲ್ಲ. ತಿರುಗಿದರೆ ಮಾತು ನಿಂತುಬಿಡಬಹುದೆಂದು ಕಂಬವನ್ನೇ ಹಿಡಿದುಕೊಂಡ.

"ತಪ್ಪು ನಮ್ದರಿ ತಾಯಿ, ಕ್ಷಮಾ ಮಾಡ್ರಿ," ಎಂದ ದುಂಡಪ್ಪ. "ಕಾರ್ಯಕ್ರಮಕ್ಕ ಬರಬೇಕಿತ್ತು ನೀವು. ಮುಗದ ಹೋತು."

"ನನಗೆ ಗೊತ್ತಿರೋರು ಯಾರೂ ಇರಲಿಲ್ಲವಲ್ಲ. ಗುರವ್ವ, ಹನುಮಯ್ಯ ಅಂತ ಎರಡು ಹೆಸರು ಹಾಕಿದೀರಿ. ಹನುಮಯ್ಯ ಅನ್ನೋರು ನಮ್ಮ ಮನೆಯವರ ಸ್ನೇಹಿತರೇನೋ ಅಂದ್ಕೊಂಡೆ. ಸಭೆ ಎಲ್ಲ ಮುಗೀಲಿ, ಆಮೇಲೆ ಹೋದರಾಯ್ತು ಅಂತ ತಡವಾಗಿ ಹೊರಟೆ."

ದುಂಡಪ್ಪ ಹುಷಾರಿ. ಅವನ ಕಣ್ಣು ಒಮ್ಮೆ ಕಂಬದ ಕಡೆ ಹೋಗಿ ಬಂತು. ಆದರೆ ಏನೂ ಹೇಳದೆ ರಿಜಿಸ್ಟರ್ ತೆರೆದ. "ಷರಾ ಬರೀತೀನ್ರಿ. ನಿಮ್ಮ ಹೆಸರು ಹೇಳ್ರಿ."

"ಜಗದಾಂಬಾ."

ಲೇಖನಿ ಕಾಗದದ ಮೇಲೆ ಹರಿದಾಡಿದ ಸದ್ದು ಹನುಮಯ್ಯನಿಗೆ ಕೇಳಿಸಿತು. ಅಷ್ಟು ದೊಡ್ಡ ಹೆಸರಿರಬಹುದೆಂದು ಅವನು ಎಣಿಸಿಯೇ ಇರಲಿಲ್ಲ. ಯಾವುದೋ ಸಣ್ಣ ಹೆಸರು, ಎರಡಕ್ಷರದ್ದು, ಎಂದುಕೊಂಡಿದ್ದ. ಮನಸ್ಸಿನಲ್ಲೇ ಒಮ್ಮೆ ಹೇಳಿ ನೋಡಿದ. ಬಾಯಿಗೆ ಒಗ್ಗಲಿಲ್ಲ.

ಆಕೆ ಸಹಿ ಹಾಕಿ, ಚೀಲ ಎತ್ತಿಕೊಂಡು, ಅವನ ಪಕ್ಕದಿಂದಲೇ ಬಾಗಿಲ ಕಡೆಗೆ ನಡೆದಳು. ತುರುಬು ಚಿಕ್ಕದಾಗಿತ್ತು, ಬೆಳ್ಳಗಾಗಿತ್ತು. ಜರಿಪೇಟದ ಮನುಷ್ಯನನ್ನು ನೋಡಿ, ಯಾರೋ ದೊಡ್ಡವರಿರಬೇಕೆಂದು, ಸ್ವಲ್ಪ ಸರಿದು ದಾರಿ ಬಿಟ್ಟಳು. ಗುರುತು ಹಿಡಿಯಲಿಲ್ಲ. ಆಕೆಗೆ ಗೊತ್ತಿದ್ದವನು ಕಿವಿಗೆ ಟವೆಲು ಸುತ್ತಿಕೊಂಡ, ಕೀಲಿ ಹಿಡಿದ, ಮಬ್ಬಿನಲ್ಲಿ ನಿಂತ ಒಬ್ಬ ಮನುಷ್ಯ.

ಹೆಸರು ಹಿಡಿದು ಕರೆಯುವುದು ಅವನಿಂದಾಗಲಿಲ್ಲ. ತಾನು ಹನುಮಯ್ಯನೆಂದರೆ ಆಕೆಗೆ ತಿಳಿಯುವುದಿಲ್ಲ. ಆಕೆ ಹೊಸ್ತಿಲು ದಾಟುವಷ್ಟರಲ್ಲಿ ಅವನ ಬಾಯಿಂದ ಬಂದದ್ದು ಇಷ್ಟೇ.

"ಬಂತಾ?"

ಆಕೆ ನಿಂತಳು. ಕೈಯಲ್ಲಿನ ಚೀಲ ತುಸು ಕೆಳಗಿಳಿಯಿತು. ತಿರುಗಿ ಅವನನ್ನು ನೋಡಿದಳು, ಪೇಟವನ್ನು, ಶಾಲನ್ನು, ಆಮೇಲೆ ಅವುಗಳ ನಡುವಿನ ಮುಖವನ್ನು.

"ಬಂತು," ಎಂದಳು.

ಅದರಾಚೆಗೆ ಮಾತಾಡಿ ಅವರಿಗೆ ಅಭ್ಯಾಸವಿರಲಿಲ್ಲ.

"ನೀವಾ ಹನುಮಯ್ಯ ಅಂದ್ರೆ," ಎಂದಳು ಕೊನೆಗೆ. "ನೀರಿನವರು ಅಂತ ಬರೆದಿದ್ರೆ ಬೆಳಿಗ್ಗೆನೇ ಬರ್ತಿದ್ದೆ."

"ಕಾರ್ಡು ನೋಡಿ ಬೇಜಾರಾಯ್ತೇನೋ."

"ಇಲ್ಲ. ಬಹಳ ದಿನ ಆಗಿತ್ತು ಅವರ ಹೆಸರಿಗೆ ಕಾಗದ ಬಂದು. ಎರಡು ದಿನ ದೇವರ ಗೂಡಲ್ಲಿ ಇಟ್ಟಿದ್ದೆ." ಆಕೆ ಸೆರಗನ್ನು ಸರಿ ಮಾಡಿಕೊಂಡಳು. "ಈಗಿರೋ ಮನೇಲಿ ಸಂಪಿಗೆ ಬಂದು ಬೀಳುತ್ತೆ ನೀರು. ಯಾವಾಗ ಬರುತ್ತೋ ಗೊತ್ತೇ ಆಗಲ್ಲ. ಐದೂವರೆಗೆ ಎಚ್ಚರ ಮಾತ್ರ ಆಗುತ್ತೆ. ಸುಮ್ಮನೆ ಎದ್ದು ಕೂತಿರ್ತೀನಿ."

ಹನುಮಯ್ಯ ತಲೆಯಾಡಿಸಿದ. ನಾನೂ ಏರು ಹತ್ತಿ ಹೋಗಿ ನಿಲ್ಲುತ್ತೇನೆ ಎಂದು ಹೇಳಬೇಕೆನ್ನಿಸಿತು. ಅಷ್ಟರಲ್ಲಿ ಹೊರಗೆ ಬಸ್ಸಿನ ಸದ್ದಾಯಿತು.

"ವಿಜಯನಗರದಲ್ಲಿ ಬದಲಾಯಿಸಬೇಕು, ಕತ್ತಲಾಗೋದರೊಳಗೆ ಹೋಗ್ಬೇಕು. ಬರ್ತೀನಿ," ಎಂದಳು.

"ಹೋಗಿಬನ್ನಿ."

ಆಕೆ ಹೊಂಗೆಮರದ ನೆರಳು ದಾಟಿ, ರಸ್ತೆ ದಾಟಿ ಬಸ್ಸು ಹತ್ತುವ ತನಕ ಅವನು ಬಾಗಿಲಲ್ಲೇ ನಿಂತಿದ್ದ. ಕಿಟಕಿಯ ಪಕ್ಕ ಕುಳಿತಳೋ ಇಲ್ಲವೋ ಕಾಣಲಿಲ್ಲ. ಬಸ್ಸು ಕೆರೆಯ ಏರಿಯ ಕಡೆ ತಿರುಗಿತು. ಅಲ್ಲಿ ತೂಬಿನ ಎರಡು ಕಲ್ಲುಗಳು ಬಿಸಿಲಿಗೆ ಬೆಳ್ಳಗೆ ನಿಂತಿದ್ದವು.

ಹೊನ್ನಗಂಗಮ್ಮ ಬಂದು ಅವನ ತಲೆಯಿಂದ ಪೇಟವನ್ನು ತೆಗೆದಳು. ಹಣೆಯ ಮೇಲೆ ಜರಿಯ ಗೆರೆ ಮೂಡಿತ್ತು. ಅವಳು ಸೆರಗಿನ ತುದಿಯಿಂದ ಅದನ್ನು ಒರೆಸಿದಳು. ಗೆರೆ ಹೋಗಲಿಲ್ಲ. ಅವನ ಮುಖವನ್ನೇ ಒಂದು ಗಳಿಗೆ ನೋಡಿದಳು.

"ಬಂದಿದ್ರು ಅನ್ನು."

"ಹೂಂ."

"ಏನಂತೆ ಹೆಸರು?"

ಹನುಮಯ್ಯ ಶಾಲನ್ನು ಮಡಿಸತೊಡಗಿದ. ಅಂಚಿಗೆ ಅಂಚು ಕೂಡಿಸಿ, ನಿಧಾನವಾಗಿ, ನಾಲ್ಕು ಮಡಿಕೆ ಮಾಡಿದ.

"ಕೇಳ್ಲಿಲ್ಲ ಕಣೆ," ಎಂದ.